ದುಂಡನೆಯ ದನಿಗೆ ಯಾವ ಟ್ರಂಪೆಟ್ ಕೊಳ್ಳಲಿ?

ಪ್ರಶ್ನೆ: ನಾನು ಮಂಗಳೂರಿನವನು. ಎಂಟು ವರ್ಷದಿಂದ ಯಮಹಾ ವೈಟಿಆರ್-2330 ಟ್ರಂಪೆಟ್ ನುಡಿಸುತ್ತಿದ್ದೇನೆ. ಭಾನುವಾರ ಚರ್ಚಿನಲ್ಲಿ ಆರ್ಗನ್ ಜೊತೆ, ಸೀಸನ್ನಿನಲ್ಲಿ ಮದುವೆ ಬ್ಯಾಂಡಿನ ಜೊತೆ. ಈಚೆಗೆ ಗೆಳೆಯರು ಸೇರಿ ಜಾಝ್ ಶುರು ಮಾಡಿದ್ದೇವೆ. ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿದರೆ ನನ್ನ ದನಿ ತೆಳ್ಳಗೆ, ಚೂಪಾಗಿ ಇದೆ. ಮೈಲ್ಸ್ ಡೇವಿಸ್, ಚೆಟ್ ಬೇಕರ್ ಅವರ ಹಾಗೆ ದುಂಡಗೆ, ಬೆಚ್ಚಗೆ ಬರಬೇಕು ಅಂತ ಆಸೆ. ಒಬ್ಬರು ದೊಡ್ಡ ಬೋರ್ ತಗೋ ಅನ್ನುತ್ತಾರೆ, ಇನ್ನೊಬ್ಬರು ಗೋಲ್ಡ್ ಬ್ರಾಸ್ ಬೆಲ್ (ಮುಂದಿನ ಅರಳಿದ ಬಾಯಿ) ಇರಲಿ ಅನ್ನುತ್ತಾರೆ. ಊರಿನಲ್ಲಿ ನುಡಿಸಿ ನೋಡಲು ಹೆಚ್ಚು ವಾದ್ಯ ಸಿಗುವುದಿಲ್ಲ. ಆನ್‌ಲೈನ್‌ನಲ್ಲಿ ತರಿಸಲೇ? ಯಾವುದು ಕೊಳ್ಳಲಿ?

ಉತ್ತರ: ಮೊದಲು ಈಗಿರುವ ಟ್ರಂಪೆಟ್ ತೊಳೆಯಿರಿ. ಆಮೇಲೆ ಒಂದು ಮೌತ್‌ಪೀಸ್, ಅಂದರೆ ತುಟಿಗಿಟ್ಟು ಊದುವ ಬಿಡಿಭಾಗ, ಕೊಳ್ಳಿ. ಎರಡು ಮೂರು ತಿಂಗಳು ಅದರಲ್ಲಿ ನುಡಿಸಿ. ಅಷ್ಟಾದ ಮೇಲೂ ಬೇಕೆನಿಸಿದರೆ ಬೆಂಗಳೂರಿಗೆ ಬಂದು ವಾದ್ಯ ನುಡಿಸಿ ನೋಡಿ ಕೊಳ್ಳಿ. ನಿಮ್ಮ ದುಡ್ಡು ಉಳಿಸಲಿಕ್ಕೆ ಮಾತ್ರ ಇದನ್ನು ಹೇಳುತ್ತಿಲ್ಲ. ಈ ಕ್ರಮದಲ್ಲಿ ಹೋದರೆ ಮಾತ್ರ ಯಾವ ಬದಲಾವಣೆ ಎಲ್ಲಿಂದ ಬಂತು ಅಂತ ನಿಮಗೆ ಗೊತ್ತಾಗುತ್ತದೆ. ವಾದ್ಯ, ಮೌತ್‌ಪೀಸ್ ಎರಡನ್ನೂ ಒಟ್ಟಿಗೆ ಬದಲಾಯಿಸಿದವರು ಆರು ತಿಂಗಳ ಮೇಲೆ ಮತ್ತೆ ಅದೇ ಪ್ರಶ್ನೆ ಹಿಡಿದು ಬರುತ್ತಾರೆ.

ನೀವು ಮೈಲ್ಸ್ ಹೆಸರು ಹೇಳಿದಿರಿ. ಅವರು ವರ್ಷಗಟ್ಟಲೆ ನುಡಿಸಿದ್ದು ಮಾರ್ಟಿನ್ ಕಮಿಟಿ ಎಂಬ ಮಾಡೆಲ್. ಅಮೆರಿಕದ ಇಂಡಿಯಾನಾ ರಾಜ್ಯದ ಎಲ್ಕ್‌ಹಾರ್ಟ್ ಊರಿನಲ್ಲಿ ತಯಾರಾಗುತ್ತಿತ್ತು. ಅದೇ ಮಾರ್ಟಿನ್ ಕಮಿಟಿಯನ್ನು ಡಿಝಿ ಗಿಲೆಸ್ಪಿ ಕೂಡ ನುಡಿಸುತ್ತಿದ್ದರು. ಇಬ್ಬರನ್ನೂ ಒಂದೇ ಸಂಜೆ ಕೂತು ಕೇಳಿ. ಒಬ್ಬರದು ಪಿಸುಮಾತಿನಷ್ಟು ಹತ್ತಿರ, ಮೆತ್ತಗೆ. ಇನ್ನೊಬ್ಬರದು ಉರಿಯುವ, ಹಾರುವ ದನಿ. ಮಾಡೆಲ್ ಒಂದೇ, ನಾದ ಎರಡು. ಇನ್ನೊಂದು ಗಮನಿಸಿ. 1950ರ ದಶಕದ ಮೈಲ್ಸ್ ಧ್ವನಿಮುದ್ರಣಗಳಲ್ಲಿ ನೀವು ಕೇಳಿ ಮರುಳಾಗಿರುವುದು ಹಲವು ಕಡೆ ಬರೀ ಟ್ರಂಪೆಟ್ ಅಲ್ಲ. ನಡುವಿನ ಕೊಳವೆ ತೆಗೆದ ಹಾರ್ಮನ್ ಮ್ಯೂಟ್ (ಬೆಲ್‌ನ ಬಾಯಿಗೆ ಸಿಕ್ಕಿಸಿ ದನಿ ತಗ್ಗಿಸುವ ಸಾಧನ) ಹಾಕಿ, ಮೈಕಿಗೆ ತೀರಾ ಹತ್ತಿರ ಹಿಡಿದು ನುಡಿಸಿದ ದನಿ ಅದು. ಎಷ್ಟೇ ಬೆಲೆಯ ಟ್ರಂಪೆಟ್ ತಂದರೂ ಮ್ಯೂಟ್ ಇಲ್ಲದೆ ಆ ದನಿ ಬರುವುದಿಲ್ಲ.

ಹಾಗಾಗಿ ಅಂಗಡಿಗೆ ಹೋಗುವ ಮೊದಲು ನಿಮಗೆ ಬೇಕಾದ ದನಿ ನಿಖರವಾಗಿ ಯಾವುದು ಅಂತ ಗೊತ್ತು ಮಾಡಿಕೊಳ್ಳಿ. ಮ್ಯೂಟ್ ಇಲ್ಲದೆ ನುಡಿಸಿರುವ ನಾಲ್ಕೈದು ತುಣುಕು ಆರಿಸಿ. ಒಂದೊಂದೂ ಅರ್ಧ ನಿಮಿಷ ಸಾಕು. ಅದನ್ನು ಬಾಯಲ್ಲಿ ಹಾಡಲು ಬರುವ ತನಕ ಕೇಳಿ. ಶಿಕಾಗೊ ಸಿಂಫನಿಯಲ್ಲಿ 1944ರಿಂದ 1988ರ ತನಕ ಟ್ಯೂಬಾ ನುಡಿಸಿದ ಆರ್ನಲ್ಡ್ ಜೇಕಬ್ಸ್ ತಮ್ಮ ಶಿಷ್ಯರಿಗೆ ಇದನ್ನೇ ಕಲಿಸುತ್ತಿದ್ದರು. ನಾದ ಮೊದಲು ತಲೆಯಲ್ಲಿ ಹಾಡಬೇಕು, ಉಸಿರು ಅದನ್ನು ಹಿಂಬಾಲಿಸಬೇಕು, ತುಟಿಯ ಬಗ್ಗೆ ಯೋಚಿಸುತ್ತಾ ಕೂರಬಾರದು ಎಂಬುದು ಅವರ ಪಾಠ. ನನ್ನ ವಿದ್ಯಾರ್ಥಿಗಳಲ್ಲೂ ನೋಡಿದ್ದೇನೆ. ತಲೆಯಲ್ಲಿ ದನಿ ಸ್ಪಷ್ಟವಾಗಿ ಇರುವವರು ಯಾವ ವಾದ್ಯ ಕೈಗೆತ್ತಿಕೊಂಡರೂ ಹತ್ತು ನಿಮಿಷದಲ್ಲಿ ಅದನ್ನು ತಮ್ಮ ದನಿಯ ಕಡೆಗೆ ಎಳೆದುಕೊಂಡು ಬರುತ್ತಾರೆ. ಆಮೇಲೆ ಅವರು ನೋಡುವುದು ಒಂದೇ: ಯಾವ ವಾದ್ಯದಲ್ಲಿ ಆ ಎಳೆದಾಟ ಕಡಿಮೆ? ನಿಮಗೆ ಕೊಳ್ಳಬೇಕಾದ ವಾದ್ಯವೂ ಅದೇ.

ಈಗ ನಿಮ್ಮ ದನಿ ತೆಳ್ಳಗಿದೆ ಎಂಬ ಮಾತಿಗೆ ಬರೋಣ. ಫೋನ್ ಎಲ್ಲಿಟ್ಟು ರೆಕಾರ್ಡ್ ಮಾಡಿದಿರಿ? ಬೆಲ್ ಎದುರಿಗೆ ಒಂದು ಮೀಟರ್ ದೂರದಲ್ಲಿ ಇಟ್ಟಿದ್ದರೆ ಜಗತ್ತಿನ ಯಾವ ಟ್ರಂಪೆಟ್ ಆದರೂ ಚೂಪಾಗಿಯೇ ಕೇಳುತ್ತದೆ. ಕಾರಣ ಇದು. ನಾದದಲ್ಲಿರುವ ಕೆಳಗಿನ ಅಂಶಗಳು ಬೆಲ್‌ನಿಂದ ಎಲ್ಲ ದಿಕ್ಕಿಗೂ ಹರಡುತ್ತವೆ. ಮೇಲಿನ ಹೊಳಪಿನ ಅಂಶಗಳು ಟಾರ್ಚ್ ಬೆಳಕಿನ ಹಾಗೆ ನೇರ ಮುಂದಕ್ಕೆ ಹೋಗುತ್ತವೆ. ಬೆಲ್‌ನ ಹಿಂದೆ ನಿಂತ ನಿಮಗೆ ಒಂದು ದನಿ, ಎದುರು ನಿಂತವರಿಗೆ ಇನ್ನೊಂದು, ಚರ್ಚಿನ ಕೊನೆಯ ಬೆಂಚಿನಲ್ಲಿ ಕೂತವರಿಗೆ ಮೂರನೆಯದು. ಜೊತೆಗೆ ಫೋನ್ ತಾನಾಗಿಯೇ ಜೋರು ದನಿ ತಗ್ಗಿಸಿ ಮೆಲುದನಿ ಏರಿಸುತ್ತದೆ. ಹಾಗಾಗಿ ಮೆಲ್ಲಗೆ ನುಡಿಸಿದ್ದು, ಜೋರಾಗಿ ನುಡಿಸಿದ್ದು ಎರಡೂ ಒಂದೇ ಥರ ಕೇಳುತ್ತದೆ. ಮುಂದಿನ ಸಲ ಫೋನನ್ನು ಎಂಟು ಹತ್ತು ಮೀಟರ್ ದೂರ, ಬೆಲ್‌ನ ನೇರಕ್ಕಲ್ಲದೆ ಸ್ವಲ್ಪ ಪಕ್ಕಕ್ಕೆ ಇಟ್ಟು ರೆಕಾರ್ಡ್ ಮಾಡಿ. ದನಿ ಅಲ್ಲೂ ತೆಳ್ಳಗಿದ್ದರೆ ಮಾತ್ರ ಚಿಂತಿಸಿ.

ಹಾಗಿದ್ದರೂ ತಪ್ಪು ವಾದ್ಯದ್ದೇ ಅಂತ ತಿಳಿಯಬೇಡಿ. ಒಂದು ಸಣ್ಣ ಪರೀಕ್ಷೆ ಮಾಡಿ. ನಡು ಸ್ಥಾಯಿಯ ಜಿ ಸ್ವರ ಹಿಡಿಯಿರಿ. ಮೊದಲು ನಿಮ್ಮ ಮಾಮೂಲಿ ರೀತಿಯಲ್ಲಿ ಊದಿ. ಆಮೇಲೆ ಹೊಟ್ಟೆ ತುಂಬ ಉಸಿರು ತೆಗೆದುಕೊಂಡು, ಹಲ್ಲುಗಳ ನಡುವೆ ಜಾಗ ಬಿಟ್ಟು, ಬಾಯೊಳಗೆ 'ಈ' ಬದಲು 'ಓ' ಹೇಳುವ ಆಕಾರ ಇಟ್ಟು, ಮೌತ್‌ಪೀಸನ್ನು ತುಟಿಗೆ ಒತ್ತುವುದು ಕಡಿಮೆ ಮಾಡಿ ಊದಿ. ಎರಡನೆಯದು ದುಂಡಗಾಗಿ ಬಂತಾ? ಬಂದಿದ್ದರೆ ನಿಮಗೆ ಬೇಕಾದ ದನಿಯ ಅರ್ಧ ಭಾಗ ನಿಮ್ಮ ಹಳೆಯ ಟ್ರಂಪೆಟ್‌ನಲ್ಲೇ ಇದೆ. ಅದನ್ನು ದಿನವೂ ನಿಧಾನದ ದೀರ್ಘ ಸ್ವರಗಳಲ್ಲಿ ರೂಢಿ ಮಾಡಿಕೊಳ್ಳಬೇಕು, ಅಷ್ಟೇ.

ತೊಳೆಯಿರಿ ಅಂದೆನಲ್ಲ, ಅದು ತಮಾಷೆಗಲ್ಲ. ಮೌತ್‌ಪೀಸ್ ಸಿಕ್ಕಿಸುವ ಜಾಗದಿಂದ ಶುರುವಾಗುವ ಲೀಡ್‌ಪೈಪ್ ಒಳಗೆ ಉಸಿರಿನ ತೇವ, ಊಟದ ಚೂರು, ಎಣ್ಣೆ ಸೇರಿ ಹಸಿರು ಪದರ ಕಟ್ಟುತ್ತದೆ. ಇಡೀ ವಾದ್ಯದಲ್ಲಿ ಆಕಾರದ ಸಣ್ಣ ವ್ಯತ್ಯಾಸಕ್ಕೂ ಹೆಚ್ಚು ಸ್ಪಂದಿಸುವ ಭಾಗಗಳಲ್ಲಿ ಅದೊಂದು. ಕರಾವಳಿಯ ಸೆಕೆಯಲ್ಲಿ ಈ ಕೊಳೆ ಬೇಗ ಬೆಳೆಯುತ್ತದೆ. ಬೆರಳಿನಲ್ಲಿ ಒತ್ತುವ ವಾಲ್ವ್, ಎಳೆದು ಜಾರಿಸುವ ಸ್ಲೈಡ್ ಕೊಳವೆ ಎಲ್ಲ ಬಿಚ್ಚಿ, ಉಗುರು ಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಸೋಪು ಎರಡು ಹನಿ ಹಾಕಿ, ಬಳುಕುವ ಬ್ರಷ್ ತೂರಿಸಿ ಉಜ್ಜಿ. ಬಿಸಿ ನೀರು ಬೇಡ, ಲ್ಯಾಕರ್, ಅಂದರೆ ಮೇಲಿನ ಹೊಳಪಿನ ಲೇಪ, ಏಳುತ್ತದೆ. ರಿಪೇರಿಗೆ ಅಂತ ನನ್ನ ಬೆಂಚಿಗೆ ಬರುವ ಟ್ರಂಪೆಟ್‌ಗಳಲ್ಲಿ ಎಷ್ಟೋ ಸಲ ಬೇರೇನೂ ಮಾಡಬೇಕಾಗಿಯೇ ಇರುವುದಿಲ್ಲ.

ಇನ್ನು ಮೌತ್‌ಪೀಸ್. ನಿಮ್ಮ ವಾದ್ಯದ ಜೊತೆ ಬಂದಿರುವುದು ಯಮಹಾ 11ಬಿ4 ಇರಬೇಕು. ಕಲಿಯುವವರಿಗೆ ಒಳ್ಳೆಯದೇ. ಎಂಟು ವರ್ಷ ನುಡಿಸಿದ ತುಟಿಗೆ ಅದೇ ಸಾಕು ಅಂತ ಏನಿಲ್ಲ. ಲೆಕ್ಕ ನೋಡಿ. ನಿಮ್ಮ ಟ್ರಂಪೆಟ್‌ನ ಬೋರ್, ಅಂದರೆ ನಡುವಿನ ಕೊಳವೆಯ ಒಳ ಅಗಲ, 11.65 ಮಿಲಿಮೀಟರ್. ಬಾಕ್ ಕಂಪನಿಯ ಮಾಮೂಲಿ ಟ್ರಂಪೆಟ್ ಮೌತ್‌ಪೀಸ್ ಒಳಗಿನ ಗಂಟಲಿನ ಅಗಲ 3.66 ಮಿಲಿಮೀಟರ್. ಇಡೀ ದಾರಿಯಲ್ಲಿ ನಿಮ್ಮ ಉಸಿರು ಹಾದುಹೋಗುವ ಅತಿ ಇಕ್ಕಟ್ಟಿನ ಜಾಗ ಅದು. ಅದರ ಹಿಂದಿರುವ ಕಪ್ ಎಷ್ಟು ಆಳ, ಅದರ ಬದಿ ಎಷ್ಟು ಓರೆ ಎಂಬುದು ನಾದದ ಬಣ್ಣವನ್ನು ನೇರವಾಗಿ ಬದಲಿಸುತ್ತದೆ. ಕಪ್ ಆಳವಾದಷ್ಟೂ ಮೇಲಿನ ಹೊಳಪು ತಗ್ಗಿ ದನಿ ದುಂಡಗಾಗುತ್ತದೆ. ಮೇಲಿನ ಸ್ವರಗಳಿಗೆ ಮಾತ್ರ ಸ್ವಲ್ಪ ಜಾಸ್ತಿ ದುಡಿಯಬೇಕು.

ಬಾಕ್ ಗುರುತಿನಲ್ಲಿ ಅಂಕಿ ಚಿಕ್ಕದಾದಂತೆ ಒಟ್ಟಾರೆ ಕಪ್ ಅಗಲವಾಗುತ್ತದೆ. ಅಕ್ಷರ ಆಳ ಹೇಳುತ್ತದೆ: ಎ ತೀರಾ ಆಳ, ಬಿ ಸಾಕಷ್ಟು ಆಳ, ಸಿ ನಡುವೆ, ಡಿ ಮತ್ತು ಇ ತೆಳು. 7ಸಿ ಅಗಲ 16.20 ಮಿಲಿಮೀಟರ್, 3ಸಿ 16.30, ಒಂದೂವರೆ ಸಿ 17. ನಿಮಗೆ ನನ್ನ ಸಲಹೆ: ಅಗಲದ ಹಿಂದೆ ಓಡಬೇಡಿ. ಈಗಿನ ಅಂಚು ತುಟಿಗೆ ಒಗ್ಗಿದ್ದರೆ ಅದಕ್ಕೆ ಹತ್ತಿರದ ಅಗಲವನ್ನೇ ಉಳಿಸಿಕೊಂಡು ಆಳ ಮಾತ್ರ ಹೆಚ್ಚಿಸಿ. ಅಂದರೆ ಬಾಕ್ ಗುರುತಿನ ಬಿ ಕಪ್ ಕಡೆಗೆ ಹೋಗಿ (ನಿಮ್ಮ ಯಮಹಾ 11ಬಿ4ರ ಬಿ ಬೇರೆ ಗುರುತು). ಬ್ಯಾಂಡಿನ ಗೆಳೆಯರಲ್ಲಿ ಯಾರ ಬಳಿಯಾದರೂ ಇದ್ದರೆ ಒಂದು ವಾರ ಕೇಳಿ ಪಡೆಯಿರಿ, ಬಿಸಿ ನೀರು ಸೋಪಿನಲ್ಲಿ ತೊಳೆದು ನುಡಿಸಿ. ಮೊದಲ ಮೂರು ದಿನ ಏನೂ ತೀರ್ಮಾನ ಮಾಡಬೇಡಿ. ಹೊಸ ಮೌತ್‌ಪೀಸ್ ಮೊದಲ ದಿನ ಅದ್ಭುತ ಅನಿಸುತ್ತದೆ, ಮೂರನೆಯ ದಿನ ಕೈಕೊಡುತ್ತದೆ. ನಿಜ ಏನು ಅಂತ ಎರಡನೆಯ ವಾರದಲ್ಲಿ ತಿಳಿಯುತ್ತದೆ. ವಿನ್ಸೆಂಟ್ ಬಾಕ್ ಅವರೇ ನ್ಯೂಯಾರ್ಕಿನಲ್ಲಿ ಮೊದಲು ಮಾಡಿದ್ದು ಮೌತ್‌ಪೀಸ್‌ಗಳನ್ನು, 1918ರ ಹೊತ್ತಿಗೆ. ಟ್ರಂಪೆಟ್ ಮಾಡಲು ಶುರು ಮಾಡಿದ್ದು 1924ರಲ್ಲಿ. ಅವರು ಆಸ್ಟ್ರಿಯಾದಲ್ಲಿ ಹುಟ್ಟಿದವರು, ಎಂಜಿನಿಯರಿಂಗ್ ಓದಿದವರು, ಸ್ವತಃ ಟ್ರಂಪೆಟ್ ವಾದಕರು.

ದೊಡ್ಡ ಬೋರ್ ತಗೋ ಅಂದವರ ಮಾತಿಗೆ ಉತ್ತರ ಅಂಕಿಯಲ್ಲೇ ಇದೆ. ನಿಮ್ಮ 2330ರ ಬೋರ್ 11.65 ಮಿಲಿಮೀಟರ್ ಅಂದೆ. ಯಮಹಾದ ವೃತ್ತಿಪರರ ಝೆನೋ ವೈಟಿಆರ್-8335ರ ಬೋರ್ ಕೂಡ 11.65. ಅಮೆರಿಕದ ಆರ್ಕೆಸ್ಟ್ರಾಗಳಲ್ಲಿ ಹೆಸರಾದ ಬಾಕ್ ಸ್ಟ್ರಾಡಿವೇರಿಯಸ್ 37ರದು 11.66. ಅದೇ ಬಾಕ್‌ನ ದೊಡ್ಡ ಬೋರ್ 11.73. ಈ ಎರಡರ ನಡುವಿನ ಅಂತರ ಒಂದು ತಲೆಗೂದಲಿನ ದಪ್ಪದಷ್ಟು. ಆ ಅಂತರ ಊದುವವರಿಗೆ ಗೊತ್ತಾಗುವುದೇ ಇಲ್ಲ ಅಂತ ನಾನು ಹೇಳುವುದಿಲ್ಲ. ಅದು ಉಸಿರಿನ ಖರ್ಚಿನಲ್ಲಿ, ಎದುರೊತ್ತಿನಲ್ಲಿ ಗೊತ್ತಾಗುತ್ತದೆ. ತೆಳ್ಳನೆಯ ದನಿಯನ್ನು ದುಂಡಗೆ ಮಾಡುವ ಶಕ್ತಿ ಅದಕ್ಕಿಲ್ಲ. ವಿದ್ಯಾರ್ಥಿ ವಾದ್ಯಕ್ಕೂ ವೃತ್ತಿಪರ ವಾದ್ಯಕ್ಕೂ ಇರುವ ವ್ಯತ್ಯಾಸ ಬೋರ್‌ನಲ್ಲಿಲ್ಲ. ಲೀಡ್‌ಪೈಪ್ ಎಷ್ಟು ನಿಧಾನವಾಗಿ ಅಗಲವಾಗುತ್ತದೆ, ಬೆಲ್ ಯಾವ ಬಾಗಿನಲ್ಲಿ ಅರಳುತ್ತದೆ, ವಾಲ್ವ್ ಎಷ್ಟು ಗಾಳಿ ಹಿಡಿಯುತ್ತದೆ, ಜೋಡಣೆ ಎಷ್ಟು ಅಚ್ಚುಕಟ್ಟು ಎಂಬುದರಲ್ಲಿದೆ.

ಗೋಲ್ಡ್ ಬ್ರಾಸ್ ಮಾತು ಇದಕ್ಕಿಂತ ಜಟಿಲ. ಮಾಮೂಲಿ ಹಳದಿ ಹಿತ್ತಾಳೆಯಲ್ಲಿ ಸುಮಾರು 70 ಭಾಗ ತಾಮ್ರ, 30 ಭಾಗ ಸತು. ಗೋಲ್ಡ್ ಬ್ರಾಸ್‌ನಲ್ಲಿ ತಾಮ್ರ 85ರ ಆಸುಪಾಸು. ತಾಮ್ರ ಹೆಚ್ಚಿದಷ್ಟೂ ದನಿ ಬೆಚ್ಚಗೆ ಅನ್ನುವುದು ವಾದಕರ, ತಯಾರಕರ ನಂಬಿಕೆ. ಇಂಗ್ಲೆಂಡಿನ ಬೂಸಿ ಅಂಡ್ ಹಾಕ್ಸ್ ಕಂಪನಿಯಲ್ಲಿ ವಾದ್ಯ ವಿನ್ಯಾಸದ ಕೆಲಸ ಮಾಡಿದ್ದ ರಿಚರ್ಡ್ ಸ್ಮಿತ್ 1980ರ ದಶಕದಲ್ಲಿ ಒಂದು ಪ್ರಯೋಗ ಮಾಡಿದರು. ಆಕಾರ ಒಂದೇ, ಲೋಹದ ದಪ್ಪ ಮಾತ್ರ ಬೇರೆ ಬೇರೆ ಇರುವ ಟ್ರೊಂಬೋನ್ ಬೆಲ್‌ಗಳು. ತೂಕದಿಂದ ಗುರುತು ಸಿಗದಂತೆ ಸಮ ಮಾಡಿ, ಕಣ್ಣಿಗೆ ಕಾಣದಂತೆ ವಾದಕರ ಕೈಗೆ ಕೊಟ್ಟರು. ನುರಿತ ವಾದಕರಿಗೂ ಯಾವುದು ಯಾವುದು ಅಂತ ಹೇಳಲಾಗಲಿಲ್ಲ. ಅದು ದಪ್ಪದ ಪ್ರಯೋಗ, ಮಿಶ್ರಲೋಹದ್ದಲ್ಲ. ಆದರೂ ಪಾಠ ದೊಡ್ಡದು. ನಾದ ಮಾಡುವುದು ಒಳಗಿನ ಗಾಳಿಯ ಕಂಬ, ಆ ಕಂಬಕ್ಕೆ ಆಕಾರ ಕೊಡುವುದು ಕೊಳವೆಯ ಒಳಮೈ. ಲೋಹದ ಪಾತ್ರ ಅದರ ನಂತರದ್ದು. ನನ್ನ ತೀರ್ಮಾನ ಏನೆಂದರೆ, ಎರಡು ವಾದ್ಯ ಸಮನಾಗಿ ಹಿಡಿಸಿದಾಗ ಗೋಲ್ಡ್ ಬ್ರಾಸ್ ಆರಿಸಿಕೊಳ್ಳಿ, ಸಂತೋಷ. ಅದಕ್ಕೋಸ್ಕರವೇ ಒಂದು ವಾದ್ಯ ಕೊಳ್ಳಬೇಡಿ.

ಬೆಳ್ಳಿ ಲೇಪನವೋ ಲ್ಯಾಕರೋ ಎಂಬುದನ್ನು ನಾದದ ದೃಷ್ಟಿಯಿಂದ ನೋಡಲೇಬೇಡಿ. ನಿಮ್ಮ ಊರಿನ ಹವೆ ನೋಡಿ. ಬೆವರು ಜಾಸ್ತಿ ಇರುವ ಕೈಗೆ ಲ್ಯಾಕರ್ ಬೇಗ ಸವೆಯುತ್ತದೆ. ಬೆಳ್ಳಿ ಕಪ್ಪಾಗುತ್ತದೆ, ಒರೆಸಿದರೆ ಮತ್ತೆ ಹೊಳೆಯುತ್ತದೆ. ಮಂಗಳೂರಿನಲ್ಲಿ ನಾನಾದರೆ ಬೆಳ್ಳಿ ಆರಿಸುತ್ತೇನೆ.

ಇನ್ನೊಂದು ಪ್ರಶ್ನೆ ನೀವು ಕೇಳಿಲ್ಲ, ನಾನೇ ಎತ್ತುತ್ತೇನೆ. ನಿಮ್ಮ ಮನಸ್ಸಿನಲ್ಲಿರುವುದು ಟ್ರಂಪೆಟ್ ದನಿಯೇನಾ? ಟ್ರಂಪೆಟ್ ಕೊಳವೆ ಸಾಕಷ್ಟು ದೂರ ಒಂದೇ ಅಗಲದ್ದು. ಜೋರಾಗಿ ಊದಿದಾಗ ಅಂಥ ಕೊಳವೆಯೊಳಗೆ ಒತ್ತಡದ ಅಲೆ ಮುಂದೆ ಸಾಗುತ್ತಾ ಕಡಿದಾಗುತ್ತದೆ. ಕಂಚಿನ ಝೇಂಕಾರ ಬರುವುದು ಅದರಿಂದ. ಟ್ರಂಪೆಟ್ ಬಳಗದ್ದೇ ಆದ ಫ್ಲೂಗಲ್‌ಹಾರ್ನ್ ಎಂಬ ವಾದ್ಯದ ಕೊಳವೆ ಬೇಗ ಬೇಗ ಅಗಲವಾಗುತ್ತಾ ಹೋಗುತ್ತದೆ, ಅದರಲ್ಲಿ ಅಲೆ ಅಷ್ಟು ಕಡಿದಾಗುವುದಿಲ್ಲ. ಜೋರಿನಲ್ಲೂ ಮೆತ್ತಗೇ ಉಳಿಯುತ್ತದೆ. ಕಾರ್ನೆಟ್ ಈ ಎರಡರ ನಡುವಿನದು. ಚೆಟ್ ಬೇಕರ್ ಟ್ರಂಪೆಟ್ ಜೊತೆಗೆ ಫ್ಲೂಗಲ್‌ಹಾರ್ನ್ ಕೂಡ ನುಡಿಸಿದವರು. ಆರ್ಟ್ ಫಾರ್ಮರ್ 1960ರ ದಶಕದ ಶುರುವಿನಲ್ಲಿ ಹೆಚ್ಚು ಕಡಿಮೆ ಪೂರ್ತಿಯಾಗಿ ಫ್ಲೂಗಲ್‌ಹಾರ್ನ್‌ಗೆ ಬಂದುಬಿಟ್ಟರು. ನೀವು ಆರಿಸಿದ ನಾಲ್ಕೈದು ತುಣುಕುಗಳಲ್ಲಿ ಯಾವ ವಾದ್ಯ ಇದೆ ಅಂತ ವಿವರ ಹುಡುಕಿ ನೋಡಿ. ಅರ್ಧದಷ್ಟು ಫ್ಲೂಗಲ್‌ಹಾರ್ನ್ ಆಗಿದ್ದರೆ ನಿಮ್ಮ ದಾರಿ ಬೇರೆ. ಹಳೆಯ ಟ್ರಂಪೆಟ್ ಚರ್ಚಿಗೂ ಮದುವೆಗೂ ಇಟ್ಟುಕೊಂಡು, ಜಾಝ್‌ಗೆ ಒಂದು ಫ್ಲೂಗಲ್‌ಹಾರ್ನ್ ತೆಗೆದುಕೊಳ್ಳಿ. ದುಬಾರಿ ಟ್ರಂಪೆಟ್ ಒಂದನ್ನು ಹಿಡಿದು ಮೂರು ಕೆಲಸ ಮಾಡಿಸುವುದಕ್ಕಿಂತ ಇದು ಎಷ್ಟೋ ಮೇಲು. ಯಾಕೆಂದರೆ ಮದುವೆಗೆ ಮುಂಚಿನ ರೋಸ್ ಶಾಸ್ತ್ರದ ಮೆರವಣಿಗೆಯಲ್ಲೋ ಬಯಲಿನ ಆರತಕ್ಷತೆಯಲ್ಲೋ ನಿಮ್ಮ ಬೆಚ್ಚನೆಯ ದನಿ ಡ್ರಮ್ಮಿನ ಕೆಳಗೆ ಮುಳುಗಿ ಹೋಗುತ್ತದೆ. ಅಲ್ಲಿ ಚೂಪೇ ಬೇಕು.

ಮೌತ್‌ಪೀಸ್ ಪಳಗಿತು, ಟ್ರಂಪೆಟ್ಟೇ ಬೇಕು ಅಂತ ಖಚಿತವಾಯಿತು ಅಂತಿಟ್ಟುಕೊಳ್ಳಿ. ಈಗ ಬೆಂಗಳೂರಿಗೆ ಬನ್ನಿ. ನಿಮ್ಮ ಟ್ರಂಪೆಟ್, ನಿಮ್ಮ ಮೌತ್‌ಪೀಸ್ ಎರಡೂ ಜೊತೆಗಿರಲಿ. ಕಿವಿ ಒಳ್ಳೆಯದಿರುವ ಗೆಳೆಯರೊಬ್ಬರನ್ನು ಕರೆತನ್ನಿ. ಅವರು ಟ್ರಂಪೆಟ್ ನುಡಿಸುವವರೇ ಆಗಬೇಕಿಲ್ಲ. ನಿಮ್ಮ ಚರ್ಚಿನ ಆರ್ಗನ್ ನುಡಿಸುವವರು ಬಂದರೆ ಎಲ್ಲಕ್ಕಿಂತ ಒಳ್ಳೆಯದು.

ಹಿಂದಿನ ರಾತ್ರಿ ಬಸ್ಸಿನಲ್ಲಿ ನಿದ್ದೆಗೆಟ್ಟು ನೇರ ಅಂಗಡಿಗೆ ಹೋಗಬೇಡಿ. ತುಟಿ ದಣಿದಿದ್ದರೆ ಎಲ್ಲ ವಾದ್ಯವೂ ಕೆಟ್ಟದಾಗಿಯೇ ಕೇಳುತ್ತದೆ. ಮೊದಲು ನಿಮ್ಮದೇ ಟ್ರಂಪೆಟ್‌ನಲ್ಲಿ ಹದವಾಗಿ ತುಟಿ ಬಿಸಿ ಮಾಡಿಕೊಳ್ಳಿ. ಒಂದು ಸಲಕ್ಕೆ ಮೂರಕ್ಕಿಂತ ಹೆಚ್ಚು ವಾದ್ಯ ಮುಟ್ಟಬೇಡಿ. ಪ್ರತಿ ಹೊಸ ವಾದ್ಯದ ಮಧ್ಯೆ ನಿಮ್ಮ ಹಳೆಯದನ್ನು ಒಂದು ನಿಮಿಷ ಊದಿ. ಕಿವಿಗೆ ಒಂದು ನೆಲೆ ಬೇಕು, ಅಲ್ವಾ? ಅಂಗಡಿಗೆ ಕಾಲಿಟ್ಟ ಕೂಡಲೇ ಎಲ್ಲರೂ ಮಾಡುವುದು ಜೋರಾಗಿ, ಮೇಲೆ ಮೇಲೆ ಊದುವುದು. ನೀವು ತಿರುಗಿಸಿ. ಮೊದಲು ತೀರಾ ಮೆಲ್ಲಗೆ ನಡು ಜಿ ಹಿಡಿಯಿರಿ. ಬಾಯಿಟ್ಟ ತಕ್ಷಣ ಸ್ವರ ಹುಟ್ಟುತ್ತದೆಯೇ, ಗಾಳಿ ಹೋಗಿ ಆಮೇಲೆ ಹುಟ್ಟುತ್ತದೆಯೇ? ಅದನ್ನೇ ನಿಧಾನಕ್ಕೆ ಪೂರ್ತಿ ಜೋರಿಗೆ ಏರಿಸಿ, ಮತ್ತೆ ಇಳಿಸಿ. ಯಾವ ಹಂತದಲ್ಲಿ ದನಿ ದುಂಡು ಬಿಟ್ಟು ಚೂಪಾಗುತ್ತದೆ ಅಂತ ಗಮನಿಸಿ. ನಿಮ್ಮ ಹುಡುಕಾಟದ ತಿರುಳು ಇಲ್ಲಿದೆ. ಎಲ್ಲ ಟ್ರಂಪೆಟ್ ಒಂದು ಹಂತದಲ್ಲಿ ಚೂಪಾಗಲೇಬೇಕು. ಆ ಹಂತ ತಡವಾಗಿ ಬರುವ ವಾದ್ಯ ನಿಮಗೆ ಹೊಂದುತ್ತದೆ.

ಆಮೇಲೆ ಅತಿ ಕೆಳಗಿನ ಸ್ವರಗಳು. ಅಲ್ಲಿ ದನಿ ಹರಡಿ ಪೇಲವವಾದರೆ ಬಿಟ್ಟುಬಿಡಿ. ನಂತರ ಬಾಯಿಪಾಠ ಬರುವ ಒಂದು ಸ್ತುತಿಗೀತೆ, ಒಂದು ಜಾಝ್ ಬ್ಯಾಲಡ್. ಎಲ್ಲ ವಾದ್ಯದಲ್ಲೂ ಅದೇ ಎರಡು, ಅದೇ ವೇಗ. ಗೆಳೆಯರು ಹತ್ತು ಹದಿನೈದು ಮೀಟರ್ ದೂರ, ನಿಮಗೆ ಬೆನ್ನು ಮಾಡಿ ನಿಂತು ಕೇಳಲಿ. ಯಾವುದು ಯಾವ ಕಂಪನಿ ಅಂತ ಅವರಿಗೆ ಹೇಳಬೇಡಿ. ಒಂದು, ಎರಡು, ಮೂರು ಅಂತ ಕರೆಯಿರಿ, ನಡುವೆ ಕ್ರಮ ಬದಲಿಸಿ ಮತ್ತೊಮ್ಮೆ ನುಡಿಸಿ. ಎರಡೂ ಸಲ ಅವರು ಅದೇ ವಾದ್ಯ ಹೇಳಿದರೆ ಆ ಮಾತಿಗೆ ತೂಕವಿದೆ. ನಿಮಗೆ ಒಂದು, ಅವರಿಗೆ ಇನ್ನೊಂದು ಹಿಡಿಸಿದರೆ? ನಾನು ಕೇಳುಗರ ಪಕ್ಷ. ಊದುವವರಿಗೆ ಹಗುರ ವಾದ್ಯ ಕೈಯಲ್ಲಿ ಕಂಪಿಸಿ ಖುಷಿ ಕೊಡುತ್ತದೆ, ಆ ಖುಷಿಯನ್ನೇ ಒಳ್ಳೆಯ ನಾದ ಅಂದುಕೊಳ್ಳುತ್ತೇವೆ. ಹಾಡು ಕೇಳುವವರು ನಿಮ್ಮ ಕೈ ಹಿಡಿದು ಕೂತಿರುವುದಿಲ್ಲ.

ಅಂಗಡಿಯ ಕೋಣೆ ಚಿಕ್ಕದಿದ್ದರೆ, ಕಾರ್ಪೆಟ್ ಹಾಸಿದ್ದರೆ, ಹೊರಗಿನ ಹಜಾರದಲ್ಲೋ ಮೆಟ್ಟಿಲ ಬಳಿಯೋ ನುಡಿಸಲು ಬಿಡಿ ಅಂತ ಕೇಳಿ. ನಿಮ್ಮ ದನಿ ಬದುಕುವುದು ಎತ್ತರದ ಮಾಡಿನ ಚರ್ಚಿನಲ್ಲಿ. ಅಲ್ಲಿಗೆ ಹತ್ತಿರದ ಜಾಗ ಬೇಕು.

ಶ್ರುತಿಯ ಪರೀಕ್ಷೆ ನಮ್ಮವರಿಗೆ ಒಂದು ಅನುಕೂಲ ಇರುವ ಜಾಗ. ಫೋನಿನ ತಂಬೂರಿ ಆ್ಯಪ್ ತೆರೆದು ಆರೂವರೆ ಮನೆಗೆ ಇಡಿ. ನಿಮ್ಮ ಟ್ರಂಪೆಟ್‌ನ ಸಿ ಅದರ ಷಡ್ಜಕ್ಕೆ ಕೂರುತ್ತದೆ, ಜಿ ಪಂಚಮಕ್ಕೆ. ಸ್ಲೈಡ್ ಹೊಂದಿಸಿ ಎರಡೂ ಅಲುಗಾಡದೆ ನಿಲ್ಲುತ್ತವೆಯೇ ನೋಡಿ. ಈಗ ವಾಲ್ವ್ ಒತ್ತದೆ ಮೇಲಿನ ಇ ಹಿಡಿಯಿರಿ. ಅದು ಐದನೆಯ ಸಹಜ ಸ್ವರ. ತಂಬೂರಿಯಲ್ಲಿ ತಾನಾಗಿ ಮೊಳಗುವ ಅಂತರ ಗಾಂಧಾರ ಅದೇ. ಆದ್ದರಿಂದ ತಂಬೂರಿಯ ಜೊತೆ ಸಿಹಿಯಾಗಿ ಸೇರುತ್ತದೆ. ಅದೇ ಸ್ವರವನ್ನು ಟ್ಯೂನರ್ ಮುಂದೆ ನುಡಿಸಿದರೆ ಸುಮಾರು 14 ಸೆಂಟ್ (ಅರ್ಧ ಸ್ವರದ ನೂರರಲ್ಲಿ ಒಂದು ಭಾಗ ಒಂದು ಸೆಂಟ್) ತಗ್ಗು ಅಂತ ತೋರಿಸುತ್ತದೆ, ಕೀಬೋರ್ಡು ಆರ್ಗನ್ನುಗಳ ಇ ಅಷ್ಟು ಮೇಲಿರುತ್ತದೆ. ನೀವು ಆರ್ಗನ್ ಜೊತೆ ನುಡಿಸುವವರು. ಹಾಗಾಗಿ ತಂಬೂರಿಯಲ್ಲಿ ಸ, ಪ ನೋಡಿ, ಉಳಿದದ್ದನ್ನು ಟ್ಯೂನರ್‌ನಲ್ಲಿ ನೋಡಿ. ಆ ಇಯನ್ನು ತುಟಿಯಿಂದ ಸ್ವಲ್ಪ ಎತ್ತಿದರೆ ಸುಲಭವಾಗಿ ಏರಬೇಕು. ಏರಲು ಹಠ ಮಾಡುವ ವಾದ್ಯ ಬೇಡ.

ಒಂದು ಮತ್ತು ಮೂರನೆಯ ವಾಲ್ವ್ ಒತ್ತುವ ಕೆಳಗಿನ ಡಿ, ಮೂರೂ ವಾಲ್ವ್ ಒತ್ತುವ ಸಿ ಶಾರ್ಪ್ ಎಲ್ಲ ಟ್ರಂಪೆಟ್‌ನಲ್ಲೂ ಏರಿರುತ್ತವೆ. ಅದು ಕೊಳವೆಯ ಲೆಕ್ಕದಿಂದ ಬರುವುದು, ದೋಷವಲ್ಲ. ಸರಿಪಡಿಸುವುದು ಮೂರನೆಯ ಸ್ಲೈಡ್ ಎಳೆದು. ಆದ್ದರಿಂದ ಆ ಸ್ಲೈಡ್ ಬೆರಳಿಗೆ ಸರಾಗವಾಗಿ ಜಾರುತ್ತದೆಯೇ, ಉಂಗುರ ನಿಮ್ಮ ಬೆರಳಿಗೆ ಹೊಂದುತ್ತದೆಯೇ ನೋಡಿ. ಇನ್ನೊಂದು ಮಾತು. ಎಸಿ ಅಂಗಡಿಯ ತಣ್ಣನೆಯ ವಾದ್ಯ ತಗ್ಗಿ ಕೇಳುತ್ತದೆ. ಗಾಳಿ ಬಿಸಿಯಾದಂತೆ ಶಬ್ದದ ವೇಗ ಹೆಚ್ಚಿ ಸ್ವರ ಏರುತ್ತದೆ. ಐದು ನಿಮಿಷ ಊದಿ ಬಿಸಿಯಾದ ಮೇಲೆಯೇ ಟ್ಯೂನರ್ ತೆಗೆಯಿರಿ.

ಯಾವ ಯಾವ ವಾದ್ಯ ನೋಡಬೇಕು ಅಂತ ಕೇಳುತ್ತೀರಿ. ನಿಮ್ಮ ಕೆಲಸಕ್ಕೆ ನಾನು ಮೊದಲು ಕೈಗೆ ಕೊಡುವುದು ಯಮಹಾ ವೈಟಿಆರ್-4335ಜಿ2. ಬೆಲ್ ಗೋಲ್ಡ್ ಬ್ರಾಸ್, ನಡು ದರ್ಜೆ. ನಿಮ್ಮ 2330ರಿಂದ ಅದಕ್ಕೆ ಹೋಗುವುದು ಒಂದು ಹೆಜ್ಜೆ ಮಾತ್ರ. ಆ ಹೆಜ್ಜೆಗೆ ಕೊಡುವ ದುಡ್ಡು ಸಾರ್ಥಕವೋ ಇಲ್ಲವೋ ಅಂತ ನೇರ ಹೋಲಿಕೆಯಲ್ಲಿ ನಿಮಗೇ ತಿಳಿಯುತ್ತದೆ. ನನ್ನ ಕಿವಿಗೆ, ಒಳ್ಳೆಯ ಮೌತ್‌ಪೀಸ್ ಹಾಕಿದ 2330ಕ್ಕೂ ಅದಕ್ಕೂ ಅಂತರ ಸಣ್ಣದು. ಹಾಗಾಗಿ ಕೊಳ್ಳುವುದೇ ಆದರೆ ಸ್ವಲ್ಪ ಕಾದು, ಜಾಸ್ತಿ ಉಳಿಸಿ, ಝೆನೋ ಅಥವಾ ಬಾಕ್ ಸ್ಟ್ರಾಡಿವೇರಿಯಸ್ ಮಟ್ಟಕ್ಕೇ ಹೋಗಿ. ಝೆನೋದಲ್ಲಿ ಹಳದಿ ಹಿತ್ತಾಳೆಯ 8335, ಗೋಲ್ಡ್ ಬ್ರಾಸ್‌ನ 8335ಜಿ ಎರಡೂ ಇವೆ. ಬಾಕ್‌ನಲ್ಲಿ 37 ನಡುದಾರಿಯ ಬೆಲ್. 72 ಹೆಚ್ಚು ಅರಳಿದ್ದು, ದುಂಡು ದನಿ ಬೇಕೆನ್ನುವವರಿಗೆ ಹಿಡಿಸುತ್ತದೆ. ಆದರೆ ಉಸಿರು ಬೇಡುತ್ತದೆ. ದಿನಕ್ಕೆ ಒಂದು ಗಂಟೆ ಅಭ್ಯಾಸ ಇಲ್ಲದವರಿಗೆ ನಾನು 72 ಹೇಳುವುದಿಲ್ಲ.

ಮೀರತ್‌ನ ಜಲಿ ಕೋಠಿಯಲ್ಲಿ ತಯಾರಾಗುವ ವಾದ್ಯಗಳನ್ನೂ ನಿಮಗೆ ತೋರಿಸುತ್ತಾರೆ. ದೇಶದ ಎಷ್ಟೋ ಮದುವೆ ಬ್ಯಾಂಡ್‌ಗಳು ಉಸಿರಾಡುವುದು ಅವುಗಳಲ್ಲಿ, ಆ ಕುಶಲಕರ್ಮಿಗಳ ಬಗ್ಗೆ ನನಗೆ ಗೌರವವಿದೆ. ಬೀದಿ ಮೆರವಣಿಗೆಗೆ ಎರಡನೆಯ ವಾದ್ಯ ಬೇಕಿದ್ದರೆ ಖಂಡಿತ ನೋಡಿ. ಕೈಕೆಲಸವಾದ್ದರಿಂದ ಒಂದೊಂದನ್ನೂ ಬೇರೆಯಾಗಿಯೇ ಊದಿ, ಶ್ರುತಿ ಮತ್ತು ವಾಲ್ವ್ ಪರೀಕ್ಷಿಸಿ ಆರಿಸಬೇಕು.

ಅಂಗಡಿಗಿಂತ ಮೊದಲು ಜನರನ್ನು ಹುಡುಕಿ ಅಂತಲೂ ಹೇಳಬೇಕು. ಮೈಸೂರಿನ ಕರ್ನಾಟಕ ಪೊಲೀಸ್ ಬ್ಯಾಂಡ್, ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪ್‌ನ ಸೇನಾ ಬ್ಯಾಂಡ್, ಇಂಥ ಕಡೆ ದಶಕಗಟ್ಟಲೆ ಊದಿ ನಿವೃತ್ತರಾದವರು ನಮ್ಮ ನಡುವೆ ಇದ್ದಾರೆ. ಅರಮನೆಯ ವಾದ್ಯವೃಂದದ ಕಾಲದಿಂದ ಬಂದ ಆ ಮೈಸೂರಿನ ಪರಂಪರೆಯಲ್ಲಿ ಇಂಗ್ಲಿಷ್ ಬ್ಯಾಂಡೂ ಇದೆ, ಕರ್ನಾಟಕ ಸಂಗೀತದ ಬ್ಯಾಂಡೂ ಇದೆ. ನಿಮ್ಮ ಊರಿನಲ್ಲೇ ಹಳೆಯ ಬ್ಯಾಂಡ್ ಮಾಸ್ಟರ್‌ಗಳು ಇರುತ್ತಾರೆ. ಅವರ ಮನೆಯಲ್ಲಿ ಒಂದು ಗಂಟೆ ನುಡಿಸಿ ಬನ್ನಿ. ಕಪಾಟಿನಲ್ಲಿ ಯಾವ ವಾದ್ಯ ಮಲಗಿದೆಯೋ ಗೊತ್ತಿಲ್ಲ, ಒಳ್ಳೆಯದೊಂದು ಮಾರಾಟಕ್ಕೆ ಸಿಕ್ಕರೂ ಸಿಗಬಹುದು.

ಹಳೆಯ ವಾದ್ಯ ಕೊಳ್ಳುವಾಗ ಎರಡು ಕಡೆ ನೋಡಿ. ಲೀಡ್‌ಪೈಪ್ ಮೇಲೆ ನಸುಗೆಂಪು ಚುಕ್ಕಿ, ಅದರ ನಡುವೆ ಕಪ್ಪು ಬಿಂದು ಕಂಡರೆ ಲೋಹದಿಂದ ಸತು ಕರಗಿ ಹೋಗಿದೆ ಅಂತ ಅರ್ಥ. ಒಳಗಿನಿಂದ ತಿನ್ನುತ್ತಾ ಬಂದಿರುತ್ತದೆ, ಆ ಕೊಳವೆಯನ್ನೇ ಬದಲಾಯಿಸಬೇಕಾಗುತ್ತದೆ. ಎರಡನೆಯದು ವಾಲ್ವ್. ವಾಲ್ವ್ ಒತ್ತದೆ ಅದರ ಸ್ಲೈಡನ್ನು ಸ್ವಲ್ಪ ಹೊರಗೆಳೆಯಿರಿ. ಎರಡು ಮೂರು ಸೆಕೆಂಡ್ ಬಿಟ್ಟು ವಾಲ್ವ್ ಒತ್ತಿ. ಟಪ್ ಎಂದು ಗಟ್ಟಿಯಾಗಿ ಸದ್ದಾದರೆ ವಾಲ್ವ್ ಗಾಳಿ ಹಿಡಿಯುತ್ತಿದೆ. ಸದ್ದೇ ಇಲ್ಲದಿದ್ದರೆ ಸವೆದು ಗಾಳಿ ಸೋರುತ್ತಿದೆ. ಸೋರುವ ವಾಲ್ವ್ ಇರುವ ಟ್ರಂಪೆಟ್ ಕೂಡ ಒಂದು ಥರ ಮೆತ್ತಗೆ, ಮಂಕಾಗಿ ಕೇಳುತ್ತದೆ. ದುಂಡು ದನಿ ಹುಡುಕುತ್ತಿರುವವರು ಅದಕ್ಕೆ ಮರುಳಾಗುವ ಅಪಾಯ ಜಾಸ್ತಿ. ಬೆಲ್ ಬಾಗಿನಲ್ಲಿ ಸಣ್ಣ ತಗ್ಗಿದ್ದರೆ ಪರವಾಗಿಲ್ಲ, ಲೀಡ್‌ಪೈಪ್‌ನಲ್ಲಿ ಇರಕೂಡದು.

ಆನ್‌ಲೈನ್ ಬಗ್ಗೆ ಕೊನೆಗೆ. ನೀವು ಆಗಲೇ ಎಲ್ಲೋ ನುಡಿಸಿ ಮೆಚ್ಚಿದ ಮಾಡೆಲ್ ಆಗಿದ್ದು, ವಾಪಸ್ ತೆಗೆದುಕೊಳ್ಳುವ ಮಾತು ಬರಹದಲ್ಲಿ ಇದ್ದರೆ ಮಾತ್ರ ತರಿಸಿ. ಒಂದೇ ಮಾಡೆಲ್‌ನ ಎರಡು ವಾದ್ಯ ಕೂಡ ತುಸು ಬೇರೆ ನಡೆಯುತ್ತವೆ. ಪೆಟ್ಟಿಗೆ ಬಂದ ದಿನ ವಾಲ್ವ್‌ಗೆ ಎಣ್ಣೆ ಹಾಕಿ, ಆ ಟಪ್ ಪರೀಕ್ಷೆ ಮಾಡಿ, ಮೌತ್‌ಪೀಸ್ ಸಿಕ್ಕಿಸಿದಾಗ ಅಲುಗಾಡುತ್ತದೆಯೇ ನೋಡಿ. ಮರುದಿನವೇ ಚರ್ಚಿಗೆ ಒಯ್ದು ಆರ್ಗನ್ ಜೊತೆ ನುಡಿಸಿ, ಗೆಳೆಯರನ್ನು ಕೊನೆಯ ಬೆಂಚಿನಲ್ಲಿ ಕೂರಿಸಿ. ವಾಪಸ್ ಕಳಿಸುವ ಗಡುವು ಮುಗಿಯುವ ಮೊದಲು ಹಳೆಯ 2330ನ್ನೂ ಅದೇ ಜಾಗದಲ್ಲಿ, ಅದೇ ಮೌತ್‌ಪೀಸ್‌ನಲ್ಲಿ ಒಮ್ಮೆ ಊದಿ. ಕೊನೆಯ ಬೆಂಚಿನವರಿಗೆ ವ್ಯತ್ಯಾಸ ಕೇಳಿಸದಿದ್ದರೆ ಹೊಸದನ್ನು ಪೆಟ್ಟಿಗೆಗೆ ಹಾಕಿ ಕಳಿಸಿಬಿಡಿ.